ಕಂಪ್ಯೂಟರ್ ಸೌಂಡ್ ಕಾರ್ಡಿಗೆ ಹೊಂದುವ ಹೆಡ್‌ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಸೌಂಡ್ ಕಾರ್ಡ್ (ಕಂಪ್ಯೂಟರಿನಿಂದ ದನಿ ಹೊರಡಿಸುವ ಬಿಡಿಭಾಗ) ಕೊಳ್ಳಬೇಕೋ, ಹೆಡ್‌ಫೋನೋ?

ಹೆಡ್‌ಫೋನ್. ಇರುವ ದುಡ್ಡಿನಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗಲಿ. ಈಚಿನ ಮದರ್‌ಬೋರ್ಡುಗಳಲ್ಲಿ ಬರುವ ಆಡಿಯೋ ಚಿಪ್ಪುಗಳು ಸಾಮಾನ್ಯದವೇನಲ್ಲ. ರಿಯಲ್‌ಟೆಕ್ ಎಎಲ್‌ಸಿ 1220 ಚಿಪ್ಪಿಗೆ ಕಂಪನಿ ಹೇಳುವ ಸಿಗ್ನಲ್-ನಾಯ್ಸ್ ಅನುಪಾತ (ಹಾಡಿಗೂ ಹಿನ್ನೆಲೆಯ ಸುಯ್ ಸದ್ದಿಗೂ ಇರುವ ಅಂತರ) 120 ಡಿಬಿ, ಅಂದರೆ ಡೆಸಿಬೆಲ್. ಕಿವಿಗೆ ಅಷ್ಟು ಸಾಕೋ ಸಾಕು. ಚಿಪ್ಪಿನಿಂದ ಜ್ಯಾಕ್‌ವರೆಗಿನ ದಾರಿಯಲ್ಲಿ ಕೆಡುವುದೇ ಹೆಚ್ಚು. ಆದ್ದರಿಂದ ಹೆಡ್‌ಫೋನ್ ತಂದು, ಈಗಿರುವ ಜ್ಯಾಕಿಗೇ ಹಾಕಿ ಒಂದು ವಾರ ಕೇಳಿ. ಸದ್ದು ಸಾಲದು, ಹಿಂದೆ ಸುಯ್ ಎನ್ನುತ್ತದೆ, ಬಾಸ್ ಗುಮ್ಮೆಂದು ಊದಿಕೊಂಡಿದೆ, ಈ ಮೂರರಲ್ಲಿ ಒಂದಾದರೂ ಕಂಡರೆ ಮಾತ್ರ ಕಾರ್ಡಿನ ಯೋಚನೆ ಮಾಡಿ.

ಬಾಕ್ಸಿನ ಮೇಲೆ 32, 80, 250 ಓಮ್ ಎಂದಿರುತ್ತದೆ. ಓಮ್ ಹೆಚ್ಚಿದ್ದಷ್ಟೂ ಗುಣಮಟ್ಟ ಹೆಚ್ಚೇ?

ಅಂಗಡಿಯವರು ಹಾಗೆ ಹೇಳುವುದುಂಟು, ನಂಬಬೇಡಿ. ಓಮಿನಲ್ಲಿ ಅಳೆಯುವ ಇಂಪೀಡೆನ್ಸ್ ಎಂಬುದು ಇಷ್ಟು ವೋಲ್ಟೇಜ್ ಕೊಟ್ಟರೆ ಹೆಡ್‌ಫೋನ್ ಇಷ್ಟು ಕರೆಂಟ್ ಎಳೆಯುತ್ತದೆ ಎನ್ನುವ ಲೆಕ್ಕ, ಅಷ್ಟೇ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಈ ಮೂರೂ ಓಮ್‌ಗಳಲ್ಲಿ ಬಂದಿದೆ. ಮೂರರ ಸೆನ್ಸಿಟಿವಿಟಿಯೂ, ಅಂದರೆ ಇಷ್ಟು ಪವರಿಗೆ ಇಷ್ಟು ಸದ್ದು ಎನ್ನುವ ಅಳತೆಯೂ, ಮಿಲಿವ್ಯಾಟಿಗೆ ಸುಮಾರು 96 ಡಿಬಿ. ಅಂದರೆ ಒಂದೇ ಮಟ್ಟದ ಸದ್ದಿಗೆ ಮೂರಕ್ಕೂ ಬೇಕಾದ ಪವರ್ ಒಂದೇ. ಆ ಪವರನ್ನು 250 ಓಮಿನದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟಿನ ರೂಪದಲ್ಲಿ ಕೇಳುತ್ತದೆ. 32 ಓಮಿನದು ಕಡಿಮೆ ವೋಲ್ಟೇಜ್, ಹೆಚ್ಚು ಕರೆಂಟಿನ ರೂಪದಲ್ಲಿ. ಲ್ಯಾಪ್‌ಟಾಪ್ ಜ್ಯಾಕಿನಲ್ಲಿ ವೋಲ್ಟೇಜಿಗೇ ಬಡತನ. ಹಾಗಾಗಿ 250 ಓಮಿನದು ಅಲ್ಲಿ ಮಂಕಾಗುತ್ತದೆ.

ನನ್ನ ಕಾರ್ಡಿಗೆ ಇದು ಸಾಕಾಗುತ್ತದೆಯೇ ಎಂದು ಲೆಕ್ಕ ಹಾಕುವುದು ಹೇಗೆ?

ಗುರಿಯನ್ನು 110 ಡಿಬಿ ಎಂದಿಟ್ಟುಕೊಳ್ಳಿ. ಗಾಬರಿ ಬೇಡ, ಅಷ್ಟು ಜೋರಾಗಿ ಕೇಳಿ ಎಂದು ಹೇಳುತ್ತಿಲ್ಲ. ಸರಾಸರಿ 75ರಿಂದ 80 ಡಿಬಿಯಲ್ಲಿ ಕೇಳುವಾಗಲೂ ಮೃದಂಗದ ಒಂದು ಪೆಟ್ಟು, ಸಿನಿಮಾದ ಒಂದು ಸ್ಫೋಟ 20 ಡಿಬಿ ಮೇಲೆ ಚಿಮ್ಮುತ್ತದೆ. ಹಳೆಯ ರೆಕಾರ್ಡಿಂಗುಗಳು ತಗ್ಗಿದ ಮಟ್ಟದಲ್ಲಿರುವುದರಿಂದ ಅವಕ್ಕೆಂದು ಇನ್ನೊಂದು 10 ಡಿಬಿ ಮೀಸಲು.

96 ಡಿಬಿಯ ಹೆಡ್‌ಫೋನ್ 110 ಮುಟ್ಟಲು 14 ಡಿಬಿ ಹೆಚ್ಚು ಬೇಕು, ಅಂದರೆ 25 ಪಟ್ಟು ಪವರ್: 25 ಮಿಲಿವ್ಯಾಟ್. ಪವರನ್ನು ವ್ಯಾಟಿನಲ್ಲಿ ಬರೆದು ಓಮಿನಿಂದ ಗುಣಿಸಿ, ವರ್ಗಮೂಲ ತೆಗೆದರೆ ವೋಲ್ಟೇಜ್ ಸಿಗುತ್ತದೆ. 32 ಓಮಿಗೆ 0.9 ವೋಲ್ಟ್, 80 ಓಮಿಗೆ 1.4 ವೋಲ್ಟ್, 250 ಓಮಿಗೆ 2.5 ವೋಲ್ಟ್. ಲ್ಯಾಪ್‌ಟಾಪ್ ಜ್ಯಾಕ್ ಸಾಮಾನ್ಯವಾಗಿ ಕೊಡುವುದು 1 ವೋಲ್ಟಿನ ಆಸುಪಾಸು. ಮೊದಲನೆಯದಕ್ಕೆ ಧಾರಾಳ, ಎರಡನೆಯದಕ್ಕೆ ಸ್ವಲ್ಪ ಬಿಗಿ. ಮೂರನೆಯದು 102 ಡಿಬಿಗೇ ನಿಂತುಬಿಡುತ್ತದೆ. ಈಚಿನ ಸಿನಿಮಾ ಹಾಡಿಗೆ ಅದೂ ಸಾಕೆನಿಸಬಹುದು. ಹಳೆಯ ಕಚೇರಿಯ ಆಲಾಪನೆ ಕೇಳುವಾಗ ವಾಲ್ಯೂಮ್ 100ಕ್ಕೆ ಏರಿಸಿಯೂ ಕೈ ಇನ್ನೂ ಮೇಲಕ್ಕೆ ಹುಡುಕುತ್ತದೆ.

ಓಮ್ ಒಂದನ್ನೇ ನೋಡಿ ಮೋಸಹೋಗುವುದು ಪ್ಲೇನಾರ್ (ಅಯಸ್ಕಾಂತಗಳ ಬಳಿ ತೆಳು ಹಾಳೆ ಕಂಪಿಸುವ ಬಗೆಯ) ಹೆಡ್‌ಫೋನುಗಳಲ್ಲಿ. 32 ಓಮ್, ಮಿಲಿವ್ಯಾಟಿಗೆ 91 ಡಿಬಿ ಎಂದಿರುವ ಒಂದನ್ನು ತೆಗೆದುಕೊಳ್ಳಿ. ಅದಕ್ಕೆ 110 ಡಿಬಿಗೆ ಸುಮಾರು 80 ಮಿಲಿವ್ಯಾಟ್ ಬೇಕು, ಅಂದರೆ 1.6 ವೋಲ್ಟ್, ಜೊತೆಗೆ 50 ಮಿಲಿಆಂಪ್ ಕರೆಂಟ್. ‘32 ಓಮ್ ತಾನೇ, ಮೊಬೈಲಿನಲ್ಲೂ ನಡೆಯುತ್ತದೆ’ ಎಂದು ತಂದವರು ಸೋಲುವುದು ಇಲ್ಲಿಯೇ.

ಸೆನ್ಸಿಟಿವಿಟಿ ಒಂದು ಕಡೆ 96, ಇನ್ನೊಂದು ಕಡೆ 110 ಎಂದಿದೆ. ಎರಡನೆಯದು ಅಷ್ಟು ಜೋರೇ?

ಎರಡೂ ಒಂದೇ ಅಳತೆಯಲ್ಲಿವೆಯೇ ನೋಡಿ. ಕೆಲವರು 1 ಮಿಲಿವ್ಯಾಟಿಗೆ ಬರೆಯುತ್ತಾರೆ, ಕೆಲವರು 1 ವೋಲ್ಟಿಗೆ. ವೋಲ್ಟ್ ಲೆಕ್ಕದ ಅಂಕಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಅದನ್ನು ಮಿಲಿವ್ಯಾಟಿಗೆ ಇಳಿಸಲು 32 ಓಮಿನದಾದರೆ 15 ಡಿಬಿ ಕಳೆಯಿರಿ, 80 ಓಮಿಗೆ 11, 120 ಓಮಿಗೆ 9, 300 ಓಮಿಗೆ 5. ಸೆನ್‌ಹೈಸರ್ ಎಚ್‌ಡಿ 560ಎಸ್ 120 ಓಮಿನದು, 1 ವೋಲ್ಟಿಗೆ 110 ಡಿಬಿ. ಮಿಲಿವ್ಯಾಟಿಗೆ ಇಳಿಸಿದರೆ 101. ಇದು ಬೇರೆ ಕಾರ್ಡನ್ನೇ ಬೇಡದ ಹೆಡ್‌ಫೋನ್. ನೂರು ದಾಟಿದ ಓಮ್ ನೋಡಿ ಹೆದರಿ ಬಿಟ್ಟವರಿಗೆ ನಷ್ಟ.

ಔಟ್‌ಪುಟ್ ಇಂಪೀಡೆನ್ಸ್ ಅಂದರೇನು? ಅದರ ಚಿಂತೆ ಯಾಕೆ?

ಹೆಡ್‌ಫೋನಿಗೆ ಓಮ್ ಇರುವಂತೆ ಕಾರ್ಡಿನ ಜ್ಯಾಕಿಗೂ ತನ್ನದೇ ಓಮ್ ಇರುತ್ತದೆ. ಕಾರ್ಡಿನ ಓಮ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ರೂಢಿಯ ನಿಯಮ. 32 ಓಮಿಗೆ 4, 300 ಓಮಿಗೆ 37.

ಮೀರಿದರೆ ಏನಾಗುತ್ತದೆ? ಡೈನಾಮಿಕ್ (ಸುರುಳಿ ತಂತಿಯ, ಸಾಮಾನ್ಯ ಬಗೆಯ) ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಬಾಸ್ ಭಾಗದಲ್ಲಿ ಡ್ರೈವರ್ (ಹೆಡ್‌ಫೋನಿನೊಳಗಿನ ಪುಟ್ಟ ಸ್ಪೀಕರ್) ತನ್ನ ಅನುರಣನಕ್ಕೆ ಬಂದಾಗ ಅದು ಏರುತ್ತದೆ. 32 ಓಮಿನ ಹೆಡ್‌ಫೋನ್ ಅಲ್ಲಿ 64 ಓಮ್ ಆಗುತ್ತದೆ ಎನ್ನಿ. ಜ್ಯಾಕಿನಲ್ಲಿ 75 ಓಮ್ ಕೂತಿದ್ದರೆ, ಉಳಿದ ಸ್ವರಗಳು 10.5 ಡಿಬಿ ಕುಸಿಯುತ್ತವೆ, ಬಾಸ್ 6.7 ಡಿಬಿ ಮಾತ್ರ ಕುಸಿಯುತ್ತದೆ. ಕಿವಿಗೆ ಬಾಸ್ ಸುಮಾರು 4 ಡಿಬಿ ಉಬ್ಬಿದಂತೆ. ಅದೇ ಜ್ಯಾಕಿಗೆ ಸೆನ್‌ಹೈಸರ್ ಎಚ್‌ಡಿ 600 ಹಾಕಿ. ಅದರ 300 ಓಮ್ 100 ಹರ್ಟ್ಸ್ ಹತ್ತಿರ 500 ದಾಟುತ್ತದೆ, ಆದರೂ ವ್ಯತ್ಯಾಸ 1 ಡಿಬಿಯ ಒಳಗೇ. ಒಂದೇ ಕಾರ್ಡನ್ನು ಒಬ್ಬರು ಹೊಗಳಿ ಇನ್ನೊಬ್ಬರು ಬೈಯುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಪ್ಲೇನಾರ್‌ಗಳ ಇಂಪೀಡೆನ್ಸ್ ಹೆಚ್ಚುಕಡಿಮೆ ಸಮತಟ್ಟು. ಅವುಗಳ ದನಿ ಬದಲಾಗುವುದಿಲ್ಲ, ಪವರ್ ಮಾತ್ರ ಸೋರುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಡ್ರೈವರ್ ಇರುವ ಇಯರ್‌ಫೋನುಗಳು ಇದಕ್ಕೆ ಪೂರ್ತಿ ಉಲ್ಟಾ: ಇಂಪೀಡೆನ್ಸ್ ಕೆಲವೆಡೆ ಹತ್ತು ಓಮಿಗೂ ಕೆಳಗಿಳಿದು, ಇನ್ನು ಕೆಲವೆಡೆ ಏರಿ, ದನಿಯ ಬಣ್ಣವೇ ಬದಲಾಗುತ್ತದೆ. ಅಂಥವಕ್ಕೆ 1 ಓಮ್ ಆಸುಪಾಸಿನ ಜ್ಯಾಕೇ ಬೇಕು.

ನನ್ನ ಜ್ಯಾಕಿನ ವೋಲ್ಟೇಜ್, ಓಮ್ ಎಲ್ಲೂ ಬರೆದಿಲ್ಲ. ಮನೆಯಲ್ಲೇ ಅಳೆಯಬಹುದೇ?

ಧಾರಾಳವಾಗಿ. ಹಳೆಯ 3.5 ಎಂಎಂ ವೈರೊಂದನ್ನು ಕತ್ತರಿಸಿ ಎಳೆಗಳನ್ನು ಬಿಡಿಸಿಕೊಳ್ಳಿ. ಎಸಿ 2 ವೋಲ್ಟ್ ರೇಂಜ್ ಇರುವ ಮಲ್ಟಿಮೀಟರ್ ಬೇಕು. ಎಲ್ಲೆಡೆ ಸಿಗುವ ಅಗ್ಗದ ಹಳದಿ ಮೀಟರುಗಳಲ್ಲಿ ಎಸಿ 200 ವೋಲ್ಟಿನಿಂದ ಶುರುವಾಗುತ್ತದೆ, ಅದರಲ್ಲಿ ಈ ಅಳತೆ ಆಗದು. 200 ಹರ್ಟ್ಸ್ ಸೈನ್ ಟೋನ್ (ಒಂದೇ ಸಮನಾದ ಶುದ್ಧ ಸ್ವರ) ಬೇಕು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಆಂಪ್ಲಿಟ್ಯೂಡ್ 1 ಇಟ್ಟು, ವಾಲ್ಯೂಮ್ ಪೂರ್ತಿ ಏರಿಸಿ, ಪಿನ್ನಿನ ತುದಿಯ ಎಳೆಗೂ ಬುಡದ ಎಳೆಗೂ ನಡುವೆ ಅಳೆಯಿರಿ. ಅದೇ ನಿಮ್ಮ ಜ್ಯಾಕಿನ ಗರಿಷ್ಠ ವೋಲ್ಟೇಜ್.

ಈಗ ಮೀಟರ್ 0.3 ವೋಲ್ಟ್ ತೋರಿಸುವಷ್ಟಕ್ಕೆ ವಾಲ್ಯೂಮ್ ಇಳಿಸಿ. ಆ ಎರಡು ಎಳೆಗಳ ನಡುವೆ 33 ಓಮಿನ ರೆಸಿಸ್ಟರ್ ಹಾಕಿ ಮತ್ತೆ ನೋಡಿ. 0.1ಕ್ಕೆ ಬಿದ್ದರೆ, ಮೊದಲಿನ ಅಂಕಿಯನ್ನು ಎರಡನೆಯದರಿಂದ ಭಾಗಿಸಿ 3, ಒಂದು ಕಳೆದು 2, ಅದನ್ನು 33ರಿಂದ ಗುಣಿಸಿ 66 ಓಮ್. ಇಷ್ಟಿದ್ದರೆ ಅದು ಸ್ಪೀಕರಿಗಾಗಿ ಮಾಡಿದ ಲೈನ್ ಔಟ್. ಅಳೆಯುವಾಗ ಹೆಡ್‌ಫೋನ್ ಕಿವಿಯಲ್ಲಾಗಲಿ, ಇನ್ನೊಂದು ಜ್ಯಾಕಿನಲ್ಲಾಗಲಿ ಇರಬಾರದು. ಕಂಪ್ಯೂಟರಿನ ಆಡಿಯೋ ಸಾಫ್ಟ್‌ವೇರ್ ‘ಏನು ಸಿಕ್ಕಿಸಿದಿರಿ’ ಎಂದು ಕೇಳಿದರೆ ಹೆಡ್‌ಫೋನ್ ಎಂದೇ ಹೇಳಿ, ಕೆಲವು ಬೋರ್ಡುಗಳಲ್ಲಿ ಆಂಪ್ಲಿಫೈಯರ್ ಆನ್ ಆಗುವುದೇ ಆಗ.

ಕ್ಯಾಬಿನೆಟ್ಟಿನ ಮುಂದಿನ ಜ್ಯಾಕೋ, ಹಿಂದಿನ ಹಸಿರು ಜ್ಯಾಕೋ?

ಎರಡರಲ್ಲೂ ಹಾಕಿ ಕೇಳಿ. ಉತ್ತರ ಬೋರ್ಡಿಂದ ಬೋರ್ಡಿಗೆ ಬದಲು. ಹೆಡ್‌ಫೋನ್ ಆಂಪ್ಲಿಫೈಯರನ್ನು ಮುಂದಿನ ಜ್ಯಾಕಿಗೆ ಮಾತ್ರ ಕೊಟ್ಟಿರುವ ಬೋರ್ಡುಗಳಿವೆ. ಆದರೆ ಮುಂದಿನ ಜ್ಯಾಕಿಗೆ ಬರುವ ವೈರು ಬೋರ್ಡಿನ ಒಂದು ತುದಿಯಿಂದ ಹೊರಟು ಗ್ರಾಫಿಕ್ಸ್ ಕಾರ್ಡಿನ ಮಗ್ಗುಲಲ್ಲೇ ಹಾದುಬರುತ್ತದೆ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಅದಕ್ಕೆ ಶೀಲ್ಡ್ ಇರುವುದಿಲ್ಲ. ಮೌಸ್ ಸ್ಕ್ರೋಲ್ ಮಾಡಿದಾಗ, ಗೇಮ್ ಶುರುವಾದಾಗ ಗುಯ್‌ಗುಟ್ಟಿದರೆ ಈ ವೈರಿನದೇ ಕೆಲಸ. ಹಿಂದಿನ ಜ್ಯಾಕಿನಲ್ಲಿ ಕಿತ್ತಳೆ, ಕಪ್ಪು ತೂತುಗಳು ಸರೌಂಡ್ ಸ್ಪೀಕರಿನವು, ಹೆಡ್‌ಫೋನ್ ಹಸಿರಿಗೇ ಹೋಗಬೇಕು.

ಹಳೆಯ, ಅಗ್ಗದ ಸರ್ಕ್ಯೂಟುಗಳಲ್ಲಿ ಇನ್ನೊಂದು ತೊಂದರೆ. ಜ್ಯಾಕಿಗೆ ಮುಂಚೆ ಕೂರಿಸಿದ ಕೆಪಾಸಿಟರ್ ಸಣ್ಣದಿದ್ದರೆ ಬಾಸ್ ತಗ್ಗುತ್ತದೆ. 100 ಮೈಕ್ರೋಫ್ಯಾರಡ್ ಇದ್ದಲ್ಲಿ 32 ಓಮಿನ ಹೆಡ್‌ಫೋನ್ 50 ಹರ್ಟ್ಸ್ ಹೊತ್ತಿಗಾಗಲೇ 3 ಡಿಬಿ ಕಳೆದುಕೊಂಡಿರುತ್ತದೆ. 300 ಓಮಿನದಕ್ಕೆ ಆ ಗಡಿ 5 ಹರ್ಟ್ಸ್, ಅಂದರೆ ಲೆಕ್ಕಕ್ಕಿಲ್ಲ.

ಗುಂಯ್ ಎಂಬ ಸದ್ದು ನಿಲ್ಲುವುದೇ ಇಲ್ಲ. ಕಾರ್ಡ್ ಬದಲಿಸಬೇಕೇ?

ಮೊದಲು ಅರ್ಥಿಂಗ್ ನೋಡಿ. ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ. ಗುಂಯ್ ನಿಂತರೆ ಲ್ಯಾಪ್‌ಟಾಪಿನ ಆಡಿಯೋ ಸರ್ಕ್ಯೂಟು ನಿರಪರಾಧಿ. ಡೆಸ್ಕ್‌ಟಾಪಾದರೆ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಪವರ್ ಸಪ್ಲೈ ಒಳಗೆ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಮೈಗೆ ಸಣ್ಣ ಫಿಲ್ಟರ್ ಕೆಪಾಸಿಟರುಗಳಿರುತ್ತವೆ. ಅರ್ಥ್ ಇಲ್ಲದಿದ್ದರೆ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟ್ ತೀರಾ ಅಲ್ಪ, ಆದರೆ ಹೆಡ್‌ಫೋನಿನಲ್ಲಿ 50 ಹರ್ಟ್ಸಿನ ಗುಂಯ್‌ಗೆ ಅಷ್ಟೇ ಸಾಕು.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಹಾಕಿದ್ದರೆ ತೆಗೆಯಿರಿ. ಹಳೆಯ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿನ ದಪ್ಪ ತೂತಿಗೆ ಒಳಗೆ ವೈರೇ ಇರುವುದಿಲ್ಲ, ನೋಡಲಿಕ್ಕೆ ಮಾತ್ರ ಮೂರು. ಎಲೆಕ್ಟ್ರಿಶಿಯನ್ ಕರೆದು ಫೇಸ್‌ಗೂ ಅರ್ಥ್‌ಗೂ ನಡುವೆ ಅಳೆಸಿ. ಫೇಸ್–ನ್ಯೂಟ್ರಲಿನಷ್ಟೇ ಸುಮಾರು 230 ಬರಬೇಕು. ಗ್ರೌಂಡ್ ಲೂಪ್ ಐಸೊಲೇಟರ್ ಎಂದು ಮಾರುವ ಪುಟ್ಟ ಡಬ್ಬಿಯನ್ನು ಹೆಡ್‌ಫೋನಿಗೆ ಹಾಕಬೇಡಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಲೈನ್ ಔಟಿಗೆಂದು ಮಾಡಿದ್ದು, ಹೆಡ್‌ಫೋನಿನ ಕರೆಂಟಿಗೆ ಬಾಸ್ ಕಳೆದುಬಿಡುತ್ತದೆ.

ಅರ್ಥಿಂಗ್ ಸರಿಯಿದ್ದೂ ಸದ್ದು ಉಳಿದರೆ ಆಡಿಯೋ ಭಾಗವನ್ನು ಕ್ಯಾಬಿನೆಟ್ಟಿನಿಂದ ಆಚೆ ತನ್ನಿ. ಯುಎಸ್‌ಬಿ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್) ಇರುವುದು ಅದಕ್ಕೇ.

ಡಾಂಗಲ್ ಸಾಕೇ, ಒಳಗೆ ಕೂರಿಸುವ ಕಾರ್ಡೇ ಬೇಕೇ?

ಇವತ್ತು ಹೆಚ್ಚಿನವರಿಗೆ ಡಾಂಗಲ್ ಸಾಕು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಆ್ಯಪಲ್‌ನ ಯುಎಸ್‌ಬಿ-ಸಿ ತುಂಡು ವೈರು ಕಂಪ್ಯೂಟರಿಗೆ ಹಾಕಿದಾಗ ಸುಮಾರು 1 ವೋಲ್ಟ್ ಕೊಡುತ್ತದೆ, ಔಟ್‌ಪುಟ್ ಇಂಪೀಡೆನ್ಸ್ 1 ಓಮಿನ ಆಸುಪಾಸು. 32 ಓಮಿನ ಹೆಡ್‌ಫೋನ್, ಇಯರ್‌ಫೋನುಗಳಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. 250 ಓಮಿನದಕ್ಕೆ, ಪ್ಲೇನಾರ್‌ಗೆ 2 ವೋಲ್ಟಿಗೂ ಮೇಲೆ ಕೊಡುವ ದೊಡ್ಡ ಡಾಂಗಲ್ ಅಥವಾ ಮೇಜಿನ ಮೇಲಿಡುವ ಆಂಪ್ಲಿಫೈಯರ್ ನೋಡಿ.

2021ರಲ್ಲಿ ಅಥವಾ ಆಮೇಲೆ ಬಂದ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊ ಇದ್ದರೆ ಕೊಳ್ಳುವ ಮುಂಚೆ ತಡೆಯಿರಿ. ಅದರ ಜ್ಯಾಕ್ ಹೆಡ್‌ಫೋನಿನ ಓಮ್ ಅಳೆದು, 150 ಓಮಿಗಿಂತ ಕಡಿಮೆಯಾದರೆ 1.25 ವೋಲ್ಟ್, ಅದಕ್ಕೆ ಮೇಲಾದರೆ 3 ವೋಲ್ಟಿನವರೆಗೆ ಕೊಡುತ್ತದೆ. ಅಳೆಯುವುದು ಪಿನ್ ಸಿಕ್ಕಿಸಿದ ಕ್ಷಣದಲ್ಲಿ. ಎಕ್ಸ್‌ಟೆನ್ಶನ್ ವೈರ್ ಬಳಸುವವರು ಹೆಡ್‌ಫೋನನ್ನು ಅದಕ್ಕೆ ಮೊದಲೇ ಸೇರಿಸಿಕೊಂಡು ಆಮೇಲೆ ಲ್ಯಾಪ್‌ಟಾಪಿಗೆ ಹಾಕಬೇಕು.

ಒಳಗಿನ ಕಾರ್ಡೇ ಬೇಕೆಂದರೆ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ಸೋ ಹಳೆಯ ಪಿಸಿಐಯೋ ನೋಡಿ, ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿನಲ್ಲಿ ಕೂರಿಸಿ. ಆಸೂಸ್ ಝೋನಾರ್ ಎಸೆನ್ಸ್ ಎಸ್‌ಟಿಎಕ್ಸ್ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಳ್ಳುವವರು ಅದಕ್ಕೆ ಪವರ್ ಸಪ್ಲೈಯಿಂದ ನಾಲ್ಕು ಪಿನ್ನಿನ ಮೋಲೆಕ್ಸ್ ವೈರು ಬೇರೆ ಬೇಕೆಂಬುದನ್ನು ಮರೆಯುತ್ತಾರೆ. ಅದರ ಔಟ್‌ಪುಟ್ ಸುಮಾರು 10 ಓಮ್: 250, 300 ಓಮಿನವಕ್ಕೆ ಹೇಳಿ ಮಾಡಿಸಿದ್ದು, 16 ಓಮಿನ ಇಯರ್‌ಫೋನಿಗೆ ಸಲ್ಲದು. ಕ್ರಿಯೇಟಿವ್ ಸೌಂಡ್ ಬ್ಲಾಸ್ಟರ್‌ಎಕ್ಸ್ ಎಇ-5ರಲ್ಲಿ ಕಂಪನಿಯೇ 1 ಓಮ್ ಎಂದು ಹೇಳಿಕೊಂಡಿದೆ, ಎರಡಕ್ಕೂ ನಡೆಯುತ್ತದೆ.

ಗೇನ್ (ಆಂಪ್ಲಿಫೈಯರ್ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ) ಸೆಟ್ಟಿಂಗ್ ಯಾವುದಿಡಬೇಕು?

ಸಾಕಾಗುವುದರಲ್ಲಿ ಅತಿ ಕಡಿಮೆಯದು. ಗೇನ್ ಏರಿಸಿದರೆ ಹಿಂದಿನ ಸುಯ್ ಸದ್ದೂ ಏರುತ್ತದೆ, ವಾಲ್ಯೂಮ್ ಹತ್ತರಲ್ಲೇ ಕಿವಿ ಒಡೆಯುವಂತಾಗಿ ಸಣ್ಣಸಣ್ಣದಾಗಿ ಹೊಂದಿಸಲು ಆಗುವುದಿಲ್ಲ.

ಓಪನ್ ಬ್ಯಾಕ್ ಒಳ್ಳೆಯದೋ, ಕ್ಲೋಸ್ಡ್ ಬ್ಯಾಕ್ ಒಳ್ಳೆಯದೋ?

ಓಪನ್ ಅಂದರೆ ಬಟ್ಟಲಿನ ಹಿಂಬದಿ ತೆರೆದದ್ದು, ಕ್ಲೋಸ್ಡ್ ಅಂದರೆ ಮುಚ್ಚಿದ್ದು. ದನಿಯ ಹರವು ಓಪನ್‌ನಲ್ಲಿ ಚೆನ್ನ, ಆದರೆ ಕೋಣೆ ಕೇಳಬೇಕಲ್ಲ. ತಲೆಯ ಮೇಲೆ ಫ್ಯಾನ್, ಪಕ್ಕದಲ್ಲಿ ಕುಕ್ಕರ್, ಕೆಳಗೆ ರಸ್ತೆ ಇರುವ ಮನೆಯಲ್ಲಿ ಓಪನ್ ಹೆಡ್‌ಫೋನ್ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ನಿಮ್ಮ ಸದ್ದನ್ನು ಪಕ್ಕದವರಿಗೂ ಕೇಳಿಸುತ್ತದೆ, ಮೀಟಿಂಗಿನಲ್ಲಿ ಮೈಕಿಗೆ ಸೋರಿ ಪ್ರತಿಧ್ವನಿಯಾಗುತ್ತದೆ. ತಡರಾತ್ರಿ ಒಬ್ಬರೇ ಕೂತು ಕೇಳುವವರಿಗೆ ಓಪನ್, ಉಳಿದವರಿಗೆ ಕ್ಲೋಸ್ಡ್.

ಕುಶನ್ನಿನ ಬಟ್ಟೆಯನ್ನೂ ನೋಡಿ. ರೆಕ್ಸಿನ್ ಕುಶನ್ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅರ್ಧ ಗಂಟೆಗೇ ಬೆವರು ಕಟ್ಟುತ್ತದೆ. ಕರಾವಳಿಯ ತೇವಕ್ಕೆ ಮೇಲ್ಪದರ ಕರಿ ಚಕ್ಕೆಯಾಗಿ ಎದ್ದು ಕಿವಿಗೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ವೆಲೂರ್ ಬಟ್ಟೆಯದು ಹಿತ. ಆದರೆ ಕ್ಲೋಸ್ಡ್ ಹೆಡ್‌ಫೋನಿನಲ್ಲಿ ರೆಕ್ಸಿನ್ ತೆಗೆದು ವೆಲೂರ್ ಹಾಕಿದರೆ ಗಾಳಿ ಸೋರಿ ಬಾಸ್ ತೆಳುವಾಗುತ್ತದೆ. ಕನ್ನಡಕದ ಕಡ್ಡಿ ದಪ್ಪವಿದ್ದರೂ ಇದೇ ಗತಿ. ಬಿಡಿ ಕುಶನ್ ಸಿಗದ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ.

7.1 ಹೆಡ್‌ಫೋನ್ ತೆಗೆದುಕೊಳ್ಳಲೇ?

ಬೇಡ. ಎಂಟು ಸ್ಪೀಕರಿನ ಸರೌಂಡ್ ಎಂಬ ಹೆಸರಿದ್ದರೂ ಒಳಗಿರುವುದು ಬಹುಪಾಲು ಎರಡೇ ಡ್ರೈವರ್, ಉಳಿದದ್ದು ಸಾಫ್ಟ್‌ವೇರ್ ಲೆಕ್ಕ. ಆ ಲೆಕ್ಕವನ್ನು ವಿಂಡೋಸಿನಲ್ಲೇ ಇರುವ ವಿಂಡೋಸ್ ಸೋನಿಕ್ ಯಾವ ಹೆಡ್‌ಫೋನಿಗೂ ಪುಕ್ಕಟೆ ಮಾಡಿಕೊಡುತ್ತದೆ. ಗೇಮ್, ಕಾರ್ಡ್, ವಿಂಡೋಸ್ ಮೂರರಲ್ಲೂ ಸರೌಂಡ್ ಆನ್ ಮಾಡಿದರೆ ದನಿ ಬಾವಿಯೊಳಗಿಂದ ಬಂದಂತೆ ಇರುತ್ತದೆ. ಒಂದರಲ್ಲಿ ಮಾತ್ರ ಇಡಿ. ಸಂಗೀತಕ್ಕೆ ಒಂದೂ ಬೇಡ.

ಯುಎಸ್‌ಬಿ ಅಥವಾ ಬ್ಲೂಟೂತ್ ಹೆಡ್‌ಸೆಟ್‌ಗೆ ಒಳ್ಳೆಯ ಕಾರ್ಡ್ ಹಾಕಿದರೆ ದನಿ ಸುಧಾರಿಸುತ್ತದೆಯೇ?

ಇಲ್ಲ. ಅವುಗಳ ಸೌಂಡ್ ಕಾರ್ಡ್ ಅವುಗಳೊಳಗೇ ಇದೆ. ಬ್ಲೂಟೂತಿನಲ್ಲಿ ಮೀಟಿಂಗ್ ಶುರುವಾದೊಡನೆ ದನಿ ಹಳೆಯ ಟೆಲಿಫೋನಿನಂತಾಗುವುದು ಮೈಕ್ ಆನ್ ಆಗಿ ಸಂಪರ್ಕ ಕರೆಯ ಪ್ರೊಫೈಲಿಗೆ ಇಳಿಯುವುದರಿಂದ. ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಂಡರೆ ಸರಿಹೋಗುತ್ತದೆ.

ಮೊಬೈಲಿನ ಹೆಡ್‌ಸೆಟ್ ಹಾಕಿದರೆ ಮೈಕ್ ಕೆಲಸ ಮಾಡುವುದಿಲ್ಲ, ಯಾಕೆ?

ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಮೂರಿದ್ದರೆ ಮೈಕ್ ಸೇರಿದ ಪಿನ್, ಎರಡಿದ್ದರೆ ಬರೀ ಹೆಡ್‌ಫೋನ್. ಡೆಸ್ಕ್‌ಟಾಪಿನಲ್ಲಿ ಹಸಿರು, ಗುಲಾಬಿ ಬೇರೆ ಬೇರೆ ಇರುವುದರಿಂದ ಒಂದು ಪಿನ್ನನ್ನು ಎರಡಾಗಿ ಒಡೆಯುವ ವೈ ಆಕಾರದ ವೈರು ಬೇಕು. ಕೊಳ್ಳುವಾಗ ‘ಹೆಡ್‌ಸೆಟ್ಟಿಗೆ, ಮೈಕ್ ಇರುವುದು’ ಎಂದು ಬಿಡಿಸಿ ಹೇಳಿ. ಇಲ್ಲವಾದರೆ ಒಂದೇ ಹಾಡನ್ನು ಇಬ್ಬರು ಕೇಳುವ ಸ್ಪ್ಲಿಟರ್ ಕೈಗೆ ಬರುತ್ತದೆ, ಎರಡೂ ನೋಡಲು ಒಂದೇ ತರಹ.

ವಾದ್ಯಗಳು ಕೇಳುತ್ತವೆ, ಹಾಡುವವರ ದನಿ ಮಾತ್ರ ಮಾಯ! ಹೆಡ್‌ಫೋನ್ ಕೆಟ್ಟಿತೇ?

ಪಿನ್ ಪೂರ್ತಿ ಒಳಗೆ ಹೋಗಿಲ್ಲ, ಅಥವಾ ಅದರ ಗ್ರೌಂಡ್ ಎಳೆ ತುಂಡಾಗಿದೆ. ಗ್ರೌಂಡ್ ಸಿಗದಾಗ ಎಡ–ಬಲಗಳ ವ್ಯತ್ಯಾಸ ಮಾತ್ರ ಡ್ರೈವರಿಗೆ ತಲುಪುತ್ತದೆ. ಹಾಡುವವರ ದನಿ ಎರಡೂ ಕಡೆ ಸಮನಾಗಿರುವುದರಿಂದ ಒಂದಕ್ಕೊಂದು ಹೊಡೆದುಹೋಗುತ್ತದೆ. ಒತ್ತಿ ಕೂರಿಸಿ. 6.35 ಎಂಎಂ ಕನ್ವರ್ಟರ್ ಇದ್ದರೆ ಅದರೊಳಗೆ ಪಿನ್ ಸಡಿಲವಾಗಿದೆಯೇ ನೋಡಿ. ಮೊಬೈಲ್ ಕವರಿನಂತೆ ಏನಾದರೂ ಅಡ್ಡ ಬಂದಿದ್ದರೂ ಹೀಗಾಗುತ್ತದೆ.

ವಿಂಡೋಸಿನಲ್ಲಿ ಏನೇನು ಸರಿಮಾಡಬೇಕು?

ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಅಲ್ಲಿಂದ ಮೋರ್ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ನಿಮ್ಮ ಹೆಡ್‌ಫೋನಿನ ಪ್ರಾಪರ್ಟೀಸಿನಲ್ಲಿ ಎನ್‌ಹಾನ್ಸ್‌ಮೆಂಟ್‌ಗಳನ್ನೆಲ್ಲ ಆಫ್ ಮಾಡಿ, ಅಡ್ವಾನ್ಸ್ಡ್‌ನಲ್ಲಿ 24 ಬಿಟ್, 48000 ಹರ್ಟ್ಸ್ ಇಡಿ. 192000 ಇಟ್ಟರೆ ಕಿವಿಗೆ ಏನೂ ಹೆಚ್ಚು ಸಿಗದು. ಕಮ್ಯುನಿಕೇಶನ್ಸ್ ಟ್ಯಾಬಿನಲ್ಲಿ ‘ಡು ನಥಿಂಗ್’ ಆರಿಸಿ. ಕರೆ ಬಂದಾಗ ಉಳಿದ ಸದ್ದೆಲ್ಲ ಶೇ 80 ಇಳಿಯುವುದು ಅಲ್ಲಿಂದಲೇ. ದನಿಯ ರುಚಿ ಬದಲಿಸಬೇಕೆಂದರೆ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಬಾಸ್ 6 ಡಿಬಿ ಏರಿಸಿದರೆ ಪ್ರೀಆಂಪ್ (ಒಟ್ಟು ಸದ್ದಿನ ಮಟ್ಟ) ಅಷ್ಟೇ ಇಳಿಸಿ, ಇಲ್ಲದಿದ್ದರೆ ಜೋರಿನ ಕಡೆಯಲ್ಲಿ ದನಿ ಒಡೆಯುತ್ತದೆ.

ಲಿನಕ್ಸಿನಲ್ಲಿ ಸದ್ದೇ ಇಲ್ಲವೆಂದರೆ ಆಲ್ಸಾಮಿಕ್ಸರ್ ಎಂಬ ವಾಲ್ಯೂಮ್ ಹೊಂದಿಸುವ ತಂತ್ರಾಂಶ ತೆರೆದು ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಹೆಡ್‌ಫೋನ್ ಕಂಬದ ಕೆಳಗೆ ‘ಎಂಎಂ’ ಎಂದಿದ್ದರೆ ಮ್ಯೂಟ್ ಆಗಿದೆ, ಎಂ ಕೀಲಿ ಒತ್ತಿದರೆ ಬಿಡುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಹೇಗೆ?

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಆಗಲಿ, ಊರಿನ ಅಂಗಡಿಯಲ್ಲಿ ಆಗಲಿ, ಅವರು ಹಾಕುವ ಧಡಧಡ ಡೆಮೊ ಹಾಡು ಬೇಡ. ನಿಮಗೆ ಬಾಯಿಪಾಠವಾಗಿರುವ ರೆಕಾರ್ಡಿಂಗ್ ಒಯ್ಯಿರಿ, ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದರೆ ಇನ್ನೂ ಒಳ್ಳೆಯದು. ಕಚೇರಿ ಸಂಗೀತ ಇದಕ್ಕೆ ಬಹಳ ಒದಗುತ್ತದೆ: ತಂಬೂರಿಯ ಝೇಂಕಾರ ಹಾಡಿನ ಹಿಂದೆ ಬಿಡದೆ ಕೇಳುತ್ತಿದೆಯೇ, ಮೃದಂಗದ ಎಡಗಡೆಯ ಗುಮ್ ಹಾಡುವವರ ದನಿಯ ಮೇಲೆ ಹರಡಿಕೊಳ್ಳುತ್ತಿದೆಯೇ, ಪಿಟೀಲಿನ ಮೇಲಿನ ಸ್ಥಾಯಿ ಚುಚ್ಚುತ್ತಿದೆಯೇ. ಎರಡು ಹೆಡ್‌ಫೋನ್ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. ಒಂದೆರಡು ಡಿಬಿ ಜೋರಾಗಿರುವುದೇ ಕಿವಿಗೆ ‘ಚೆನ್ನಾಗಿದೆ’ ಎನಿಸಿಬಿಡುತ್ತದೆ. ಹತ್ತು ನಿಮಿಷವಾದರೂ ತಲೆಯ ಮೇಲಿರಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಭಾರತದ್ದೋ ಹೊರಗಿಂದ ತರಿಸಿದ ಮಾಲೋ ಕೇಳಿ.

ವಾಲ್ಯೂಮ್ ಎಷ್ಟರವರೆಗೆ ಸುರಕ್ಷಿತ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡಿಬಿಯಾದರೆ ವಾರಕ್ಕೆ 40 ಗಂಟೆ, 90 ಡಿಬಿಯಾದರೆ ವಾರಕ್ಕೆ 4 ಗಂಟೆ ಮಾತ್ರ. ಹೊಸ ಕಾರ್ಡಿಗೆ ಹಳೆಯ ಹೆಡ್‌ಫೋನ್ ಹಾಕುವ ಮೊದಲ ದಿನ ವಾಲ್ಯೂಮ್ 5ಕ್ಕೆ ಇಳಿಸಿ, ಹಾಡು ಹಾಕಿ, ಆಮೇಲೆ ಕಿವಿಗೆ ಏರಿಸಿಕೊಳ್ಳಿ. 32 ಓಮಿನ ಇಯರ್‌ಫೋನನ್ನು ಹೈ ಗೇನ್ ಜ್ಯಾಕಿಗೆ ಪೂರ್ತಿ ವಾಲ್ಯೂಮಿನಲ್ಲಿ ಹಾಕಿದರೆ ಡ್ರೈವರ್ ಹರಿಯುವ ಮುಂಚೆಯೇ ಕಿವಿಗೆ ಪೆಟ್ಟಾಗಿರುತ್ತದೆ.